ಹರಾಜಿನಲ್ಲಿ ಕೊಂಡದ್ದು ಮನೆ ಸೇರಲಿ

ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದನ್ನು ಉದ್ಯಮಿ ವಿಜಯ್ ಮಲ್ಯ ಕೊಂಡಿದ್ದಾರೆಂಬ ಸುದ್ದಿ 2004ರಲ್ಲಿ ಹೊರಬಿದ್ದಾಗ ರಾಜ್ಯದಲ್ಲಿ ಸಂಭ್ರಮ ಕಂಡುಬಂದಿತ್ತು. ಅದು ಚುನಾವಣೆಯ ಕಾಲವೂ ಆಗಿತ್ತೆಂಬುದು ಬೇರೆ ಮಾತು. ಬೆಲೆ ಸುಮಾರು ಒಂದೂವರೆ ಕೋಟಿ ರೂಪಾಯಿ ಎಂದು ವರದಿಯಾಗಿತ್ತು. ಸಾಲ ವಸೂಲಿಗಾಗಿ ಬ್ಯಾಂಕುಗಳು ಹೂಡಿದ್ದ ದಾವೆಯಲ್ಲಿ, 2018ರಲ್ಲಿ, ಲಂಡನ್ನಿನ ನ್ಯಾಯಾಲಯದಲ್ಲಿ ಅದೇ ಖಡ್ಗದ ಪ್ರಸ್ತಾಪ ಬಂದಿತು. ಅದನ್ನು 2016ರಲ್ಲೇ ಬೇರೆಯವರಿಗೆ ಕೊಟ್ಟುಬಿಡಲಾಗಿದೆ ಎಂಬುದು ಆಗ ದೊರೆತ ಉತ್ತರ. ‘ಮರಳಿ ಬಂತು’ ಎಂದು ನಾವು ಹಿಗ್ಗಿದ ವಸ್ತು ಎಲ್ಲಿದೆ, ಯಾರ ಬಳಿ ಇದೆ ಎಂದು ಅದರ ಹೆಸರಿನಲ್ಲಿ ಹೆಮ್ಮೆಪಟ್ಟ ನಾಡಿಗೇ ತಿಳಿಯದು.

ಕೊಂಡವರನ್ನು ದೂರುವುದು ಸುಲಭ. ಆದರೆ ಇಂಥ ಖರೀದಿಯನ್ನು ನಮ್ಮ ಕಾನೂನು ಹೇಗೆ ಕಾಣುತ್ತದೆ ಎಂಬುದನ್ನೂ ನೋಡಬೇಕು. ಭಾವನೆಯನ್ನು ಬದಿಗಿರಿಸಿದರೆ ಇದು ಪರದೇಶದಲ್ಲಿ ಕೊಂಡ ಹಳೆಯ ಸಾಮಾನು. ಗಡಿ ದಾಟಿ ಒಳಬಂದು, ನೂರು ವರ್ಷ ಮೀರಿದ ಪ್ರಾಚ್ಯವಸ್ತು ಎನಿಸಿಕೊಂಡ ಮೇಲೆ ಅದಕ್ಕೆ 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಅಧಿನಿಯಮ ಅನ್ವಯಿಸುತ್ತದೆ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಯ ಹೊರತು ಯಾರೂ ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ದೇಗುಲಗಳ ವಿಗ್ರಹಗಳನ್ನು ಕದ್ದು ಸಾಗಿಸಿದ ಜಾಲಗಳ ಚರಿತ್ರೆ ಬಲ್ಲವರು ಈ ನಿರ್ಬಂಧವನ್ನು ಸಡಿಲಿಸಿ ಎನ್ನಲಾರರು, ನಾನೂ ಎನ್ನಲಾರೆ. ಆದರೆ ಎಂದೂ ಊರು ಬಿಡದ ವಿಗ್ರಹಕ್ಕೂ ಲಂಡನ್ನಿನಲ್ಲಿ ರಸೀದಿ ಪಡೆದು ಕೊಂಡು ತಂದ ಖಡ್ಗಕ್ಕೂ ಒಂದೇ ಬೀಗ ಜಡಿದರೆ ಪರಿಣಾಮವೇನು? ಹೊರಗಿನ ಮಾರುಕಟ್ಟೆ ಮುಚ್ಚಿದ ಕ್ಷಣವೇ ವಸ್ತುವಿನ ಬೆಲೆ ಕುಸಿಯುತ್ತದೆ. ಕೋಟಿಗಟ್ಟಲೆ ತೆತ್ತವನು ಅದನ್ನು ಲಂಡನ್ನಿನ ಭದ್ರತಾ ಕೊಠಡಿಯಲ್ಲಿ ಬಿಡುವುದೇ ಲಾಭವೆಂದು ಲೆಕ್ಕ ಹಾಕುತ್ತಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ.

ಸುಂಕದ ವಿಷಯ ಇಷ್ಟು ಜಟಿಲವಲ್ಲ. ಸಾರ್ವಜನಿಕ ವಸ್ತುಸಂಗ್ರಹಾಲಯಗಳಿಗಿದ್ದ ವಿನಾಯಿತಿಯನ್ನು ಜನರಿಗೆ ತೆರೆದಿರುವ ಖಾಸಗಿ ಗ್ಯಾಲರಿಗಳಿಗೂ ವಿಸ್ತರಿಸುವುದಾಗಿ 2011-12ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಗಿತ್ತು.

ಕೊಳ್ಳೆ ಹೊಡೆದದ್ದನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಪತ್ತನ್ನು ಸೈನ್ಯ ಹಂಚಿಕೊಂಡಿತು. ಆದರೆ ಸಾಂಸ್ಕೃತಿಕ ಸ್ವತ್ತು ಕುರಿತ 1970ರ ಯುನೆಸ್ಕೊ ಒಪ್ಪಂದ ಪೂರ್ವಾನ್ವಯವಾಗುವುದಿಲ್ಲ. ಖಾಸಗಿ ಮನೆತನಗಳಲ್ಲಿ ಉಳಿದ ಪಾಲು ಹರಾಜಿಗೆ ಬಂದಾಗ ನಮಗೆ ಇರುವುದು ಖರೀದಿಯ ದಾರಿ ಮಾತ್ರ. ಹಾಗೆಂದು ಸರ್ಕಾರವೇ ಹರಾಜಿನಲ್ಲಿ ಕೂರಬೇಕೆಂಬ ವಾದವನ್ನೂ ಒಪ್ಪಲಾಗದು. 2023ರ ಮೇ ತಿಂಗಳಲ್ಲಿ ಬೊನ್ಹಾಮ್ಸ್ ಸಂಸ್ಥೆ ಟಿಪ್ಪುವಿನ ಶಯನಾಗಾರದ ಖಡ್ಗವನ್ನು ಹರಾಜಿಗಿಟ್ಟಾಗ ಅಂದಾಜಿಸಿದ್ದ ಬೆಲೆ 15ರಿಂದ 20 ಲಕ್ಷ ಪೌಂಡ್; ಮಾರಾಟವಾದದ್ದು ಸುಮಾರು 1.4 ಕೋಟಿ ಪೌಂಡಿಗೆ. ಅಲ್ಲಿ ಸರ್ಕಾರವೊಂದು ಕೈ ಎತ್ತಿದ್ದರೆ ಬೆಲೆ ಇನ್ನೂ ಏರುತ್ತಿತ್ತು. ಅದನ್ನು ತೆರುವವರು ನಮ್ಮ ತೆರಿಗೆದಾರರು.

ಬೇರೊಂದು ದಾರಿ ಇದೆಯೆಂದು ಪಿಪ್ರಾಹ್ವಾದ ಬೌದ್ಧ ರತ್ನಗಳು ತೋರಿಸಿಕೊಟ್ಟಿವೆ. 1898ರಲ್ಲಿ ಅಗೆದು ತೆಗೆದ ಈ ರತ್ನಗಳ ಒಂದು ಪಾಲನ್ನು 2025ರ ಮೇ ತಿಂಗಳಲ್ಲಿ ಹಾಂಕಾಂಗ್‌ನಲ್ಲಿ ಹರಾಜು ಹಾಕಲು ಸೋದ್‌ಬಿಸ್ ಮುಂದಾದಾಗ ಭಾರತ ಸರ್ಕಾರ ಆಕ್ಷೇಪಿಸಿತು, ಹರಾಜು ನಿಂತಿತು. ಜುಲೈನಲ್ಲಿ ಗೋದ್ರೆಜ್ ಉದ್ಯಮ ಸಮೂಹ ಅವುಗಳನ್ನು ಕೊಂಡು ದೇಶಕ್ಕೆ ತಂದಿತು. ದೊಡ್ಡ ಪಾಲನ್ನು ಐದು ವರ್ಷ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಎರವಲಾಗಿ ಕೊಡುವ ಏರ್ಪಾಡೂ ಆಯಿತು. ಹಣ ಖಾಸಗಿಯವರದು, ನೋಟ ಸಾರ್ವಜನಿಕರದು.

ಒಮ್ಮೆ ವಿಶೇಷವಾಗಿ ನಡೆದದ್ದನ್ನು ನಿಯಮವಾಗಿಸಬೇಕು. ಕಳವಿನದಲ್ಲವೆಂದು ದಾಖಲೆ ಇರುವ ವಸ್ತುವನ್ನು ಹೊರಗೆ ಕೊಂಡು ತರುವವರಿಗೆ ಸುಂಕ ಬೇಡ. ಬಂದರಿನಲ್ಲೇ ಛಾಯಾಚಿತ್ರ ತೆಗೆದು, ಎಲ್ಲರೂ ನೋಡಬಹುದಾದ ಕೇಂದ್ರ ದಾಖಲೆಯಲ್ಲಿ ಸೇರಿಸಲಿ. ಐದೋ ಹತ್ತೋ ವರ್ಷ ಪ್ರದರ್ಶನಕ್ಕಿಟ್ಟ ಮಾಲೀಕ ಮಾರಬಯಸಿದರೆ, ಕೊಂಡ ಬೆಲೆಗೆ ಪಡೆಯುವ ಮೊದಲ ಹಕ್ಕು ಸರ್ಕಾರಕ್ಕಿರಲಿ; ಸರ್ಕಾರ ಒಲ್ಲೆನೆಂದರೆ ಹೊರಗೊಯ್ಯಲು ಪರವಾನಗಿ ಸಿಗಲಿ. ಈ ಬಾಗಿಲಿನಲ್ಲಿ ಕಳ್ಳ ಮಾಲನ್ನು ನುಸುಳಿಸುವವರೂ ಇದ್ದಾರು. ಒಳಬರುವಾಗಲೇ ದಾಖಲಾಗದ ವಸ್ತುವಿಗೆ ಹೊರಹೋಗುವ ಪರವಾನಗಿ ಇಲ್ಲವೆಂದರೆ ಆ ಭಯಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕೀತು.

ಪ್ರದರ್ಶನ ಎಲ್ಲಿ ಎಂದರೆ ದೆಹಲಿ, ಬೆಂಗಳೂರು ಎಂಬ ಉತ್ತರ ಸಿದ್ಧವಾಗಿರುತ್ತದೆ. ನನಗೆ ನೆನಪಾಗುವುದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ. ಬಂಡೆಗಳ ನಡುವೆ ಪಾಳೆಯಗಾರರ ಕೋಟೆ ಉಳಿದಿರುವ ಈ ಊರನ್ನು ಜನ ಓಬವ್ವನ ತವರೆನ್ನುತ್ತಾರೆ. ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ಆಕೆ ಎದುರಿಸಿದ್ದು ಹೈದರಾಲಿಯ ಸೈನಿಕರನ್ನು. ಹೈದರನ ಮಗನ ಖಡ್ಗಕ್ಕೆ ಕೋಟಿಗಳ ಬೆಲೆ. ಒನಕೆಯನ್ನು ಯಾರೂ ಹರಾಜಿಗಿಟ್ಟಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬಳ್ಳಾರಿ ಸೀಮೆಯನ್ನು ನಿಜಾಮ ಕಂಪೆನಿಗೆ ಬಿಟ್ಟುಕೊಟ್ಟ. ಪಾಳೆಯಗಾರಿಕೆಯ ಕಾಲವೂ ಮುಗಿಯಿತು. ಖಡ್ಗದ ಕಥೆಯಲ್ಲಿ ಈ ಊರಿಗೂ ಪಾಲಿದೆ, ಅದೂ ಎದುರು ಬದಿಯಿಂದ. ಆದ್ದರಿಂದ ಪರವಾನಗಿಯ ಷರತ್ತುಗಳಲ್ಲಿ ಇನ್ನೊಂದನ್ನು ಬರೆಯಬೇಕು: ಕರ್ನಾಟಕದ ಚರಿತ್ರೆಗೆ ಸಂಬಂಧಿಸಿದ ವಸ್ತುವಾದರೆ ವರ್ಷದಲ್ಲಿ ಮೂರು ತಿಂಗಳಾದರೂ ಬಳ್ಳಾರಿ, ಚಿತ್ರದುರ್ಗದಂಥ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿರಬೇಕು, ಶಾಲಾ ಮಕ್ಕಳಿಗೆ ಪ್ರವೇಶ ಶುಲ್ಕವಿರಬಾರದು.