ಗೂಬೆಯ ಕಣ್ಣಿನ ಅತಿಥಿ

ಸಿದ್ದಾಪುರದಲ್ಲಿ ಮಳೆ ಹಿಡಿದರೆ ಘಟ್ಟದ ಬುಡದ ಕಾಡಿನ ಪತಂಗಗಳು ಸಂಜೆ ದೀಪ ಹಾಕಿದ ಕೂಡಲೇ ಒಳಗೆ ಬರುತ್ತವೆ. ಕಳೆದ ಮಳೆಗಾಲದಲ್ಲಿ ನಮ್ಮ ಚಾವಡಿಯ ಗೋಡೆಯಲ್ಲಿ ಅಂಗೈಯಗಲದ ಕಂದು ಪತಂಗವೊಂದು ಕುಳಿತಿತ್ತು. ಎರಡು ರೆಕ್ಕೆಗಳಲ್ಲಿ ಒಂದೊಂದು ದುಂಡು ಕಣ್ಣು! ನೋಡಲು ಬಂದ ನೆರೆಯಾಕೆ, "ಇದು ಗೂಬೆಯದ್ದೇ ಜಾತಿ, ಮನೆಗೆ ಅಪಶಕುನ" ಎಂದು ಹಿಡಿಸೂಡಿ ಎತ್ತಿದರು. ಸಹೋದರಿಯರೇ, ನಿಮ್ಮ ಮನೆಯಲ್ಲೂ ಹೀಗೆ ನಡೆದಿರಬಹುದು.

ಅದು ಗೂಬೆ ಪತಂಗ. ವಿಜ್ಞಾನಿಗಳಿಗೆ ಎರಿಬಸ್ ಮ್ಯಾಕ್ರಾಪ್ಸ್. ಆ ಕಣ್ಣು ಕಣ್ಣಲ್ಲ, ಬರೀ ಬಣ್ಣ. ಅದಕ್ಕೆ ಕಚ್ಚಲೂ ಗೊತ್ತಿಲ್ಲ.

ಇನ್ನು ಗೂಬೆಯ ವಿಚಾರ. ಕೊಲೆಯಾದವನ ಆತ್ಮ ಗೂಬೆಯಾಗಿ, ಪ್ರತೀಕಾರ ತೀರುವವರೆಗೆ ಕೂಗುತ್ತದೆಂದು ಅಜ್ಞಾನ ಕಾಲದ ಅರಬರು ನಂಬಿದ್ದರು. ಅದಕ್ಕೆ 'ಹಾಮಾ' ಎನ್ನುತ್ತಿದ್ದರು. ಹಾಮಾ ಎಂಬುದಿಲ್ಲ ಎಂದು ಪ್ರವಾದಿವರ್ಯರು(ಸ) ಹೇಳಿದ್ದು ಬುಖಾರಿಯಲ್ಲಿದೆ. ಹದೀಸನ್ನು ಮಕ್ಕಳಿಗೆ ಕಲಿಸುವ ನಾವೇ ರಾತ್ರಿ ಗೂಬೆ ಕೂಗಿದರೆ ಬಾಗಿಲು ಹಾಕುತ್ತೇವೆ!

ಗೂಬೆಗೂ ಈ ಪತಂಗಕ್ಕೂ ಕಣ್ಣಷ್ಟೇ ಹೋಲಿಕೆ, ಬಾಳು ಬೇರೆ. ಪತಂಗ ಒಮ್ಮೆಗೆ ರಾಶಿ ಮೊಟ್ಟೆಯಿಡುತ್ತದೆ. ಹತ್ತು ಸತ್ತರೂ ಸಂತತಿ ಉಳಿಯುತ್ತದೆ. ನ್ಯೂಜಿಲ್ಯಾಂಡಿನಲ್ಲಿ 'ನಗುವ ಗೂಬೆ' ಎಂಬುದಿತ್ತು. ಬಂಡೆಯ ಸಂದಿನಲ್ಲಿ, ನೆಲದ ಮೇಲೆ ಒಂದೋ ಎರಡೋ ಮೊಟ್ಟೆ. ನೆಲದಲ್ಲಿ ಓಡಾಡುವ ಬೇಟೆಯ ಮೃಗಗಳೇ ಇಲ್ಲದ ನಾಡಾದ್ದರಿಂದ ಅಷ್ಟು ಸಾಕಿತ್ತು. ಬಿಳಿಯರು ಬೆಕ್ಕು ತಂದರು. 1880ರ ದಶಕದಲ್ಲಿ ಮೊಲಗಳ ಕಾಟ ತಡೆಯಲು ಮುಂಗುಸಿಯಂತಹ ಸ್ಟೋಟ್ ಎಂಬ ಪ್ರಾಣಿಯನ್ನೂ ತಂದು ಬಿಟ್ಟರು. 1914ರ ಜುಲೈಯಲ್ಲಿ ಸತ್ತು ಬಿದ್ದ ಒಂದು ಗೂಬೆ ಸಿಕ್ಕಿತು. ಖಚಿತ ದಾಖಲೆಗಳಲ್ಲಿ ಅದೇ ಕೊನೆಯದು.

ನಮ್ಮ ದೇಶದ ಕಾಡುಗೂಬೆಯೂ 1884ರ ನಂತರ ಸಿಗದೆ, ಅಳಿದೇ ಹೋಯಿತೆಂದು ಹಲವರು ಕೈಬಿಟ್ಟಿದ್ದರು. 113 ವರ್ಷಗಳ ಬಳಿಕ, 1997ರಲ್ಲಿ ಮಹಾರಾಷ್ಟ್ರದ ಕಾಡಿನಲ್ಲಿ ಮತ್ತೆ ಕಂಡಿತು. ಎಲ್ಲ ಗೂಬೆಗಳಿಗೂ ಆ ಭಾಗ್ಯವಿಲ್ಲ. ಪತಂಗದ ಮೇಲೆ ಬೀಳುವ ಹಿಡಿಸೂಡಿಗಿಂತ, ಅಪಶಕುನವೆಂದು ಗೂಬೆಗೆ ಎಸೆಯುವ ಕಲ್ಲು ದುಬಾರಿ. ಪೊಟರೆಯಿರುವ ಹಳೆಯ ಮರ ಕಡಿಯುವುದು ಅದಕ್ಕಿಂತಲೂ ದುಬಾರಿ. ಗದ್ದೆಯ ಇಲಿ ಹಿಡಿಯುವುದೂ ಇದೇ ಹಕ್ಕಿಯಲ್ಲವೇ?

ಅಂದು ನೆರೆಯಾಕೆಯ ಕೈಯಿಂದ ಹಿಡಿಸೂಡಿ ತೆಗೆದುಕೊಂಡು, ಒಳಗಿನ ದೀಪ ಆರಿಸಿ ಕಿಟಕಿ ತೆರೆದಿಟ್ಟೆವು. ಕತ್ತಲಲ್ಲೇ ಚಹಾ ಕುಡಿದೆವು. ಅತಿಥಿ ಹೊರಡಲು ಅರ್ಧ ಗಂಟೆ ತೆಗೆದುಕೊಂಡಿತು.