ವರ್ಗಾವಣೆಗೆ ಇರುವ ವಿನಾಯಿತಿ ಗುಳೆಗೆ ಏಕಿಲ್ಲ?

ಎಸ್ಸೆಸ್ಸೆಲ್ಸಿ, ಸಿಇಟಿ ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಿಗೆ ಒಂದು ಬಗೆಯ ಸುದ್ದಿ ಬೇಕೇ ಬೇಕು: ಗೌಂಡಿಯ ಮಗಳಿಗೆ ಮೆಡಿಕಲ್ ಸೀಟು, ಕೂಲಿಕಾರನ ಮಗನಿಗೆ ರ‍್ಯಾಂಕು. ಓದುಗರಿಗೆ ಖುಷಿ, ಶಾಸಕರಿಗೆ ಶಾಲು ಹೊದಿಸುವ ಅವಕಾಶ. ಆ ಮಕ್ಕಳ ಸಾಧನೆ ದೊಡ್ಡದೇ, ಅನುಮಾನವಿಲ್ಲ. ಆದರೆ ಛಲದ ಕಥೆ ಹೇಳುವ ಭರದಲ್ಲಿ ಒಂದು ಪ್ರಶ್ನೆ ಕೇಳದೇ ಉಳಿಯುತ್ತದೆ. ಅದೇ ಕುಟುಂಬ ದುಡಿಯಲು ರಾಜ್ಯದ ಗಡಿ ದಾಟಿ ಹೋಗಿದ್ದರೆ ಅದೇ ಛಲ, ಅದೇ ಅಂಕ ಸಾಕಾಗುತ್ತಿದ್ದವೇ? ಬಹಳಷ್ಟು ಸಂದರ್ಭಗಳಲ್ಲಿ ಸಾಕಾಗುತ್ತಿರಲಿಲ್ಲ. ಗುಳೆ ಹೋದವರ ಮಕ್ಕಳನ್ನು ಕಾಲೇಜಿನ ಬಾಗಿಲಲ್ಲಿ ತಡೆಯುವುದು ಬಡತನವೊಂದೇ ಅಲ್ಲ. ‘ನೀನು ಎಲ್ಲಿಯವನು’ ಎಂದು ಎರಡು ರಾಜ್ಯಗಳು ಬೇರೆ ಬೇರೆ ಅಳತೆಯಲ್ಲಿ ಕೇಳುವ ನಿಯಮಗಳೂ ತಡೆಯುತ್ತವೆ.

ಹೈದರಾಬಾದಿನ ಕೊಂಡಾಪುರದಲ್ಲಿ ನಿಂತು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಈ ಸೀಮೆಯಲ್ಲಿ ಕಟ್ಟಡ ಕೆಲಸ ನಿಂತದ್ದೇ ಇಲ್ಲ. ತೆಲಂಗಾಣದ್ದೇ ಆದ ಪಾಲಮೂರಿನವರು, ಒಡಿಶಾದವರು ಬಂದಂತೆ ನಮ್ಮ ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್ ಕಡೆಯವರೂ ಗಾರೆ ಕೆಲಸಕ್ಕೆ, ಸೆಂಟ್ರಿಂಗಿಗೆ, ಅರ್ಧ ಎದ್ದ ಅಪಾರ್ಟ್‌ಮೆಂಟುಗಳ ವಾಚ್‌ಮನ್ ಕೆಲಸಕ್ಕೆ ಬಂದರು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು; ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಕಲಬುರಗಿಯ ಹುಡುಗ ಆಗ ಹೊರರಾಜ್ಯದವನಾಗಿರಲಿಲ್ಲ. ಗಡಿ ಬದಲಾಯಿತು, ದುಡಿಮೆಯ ದಾರಿ ಬದಲಾಗಲಿಲ್ಲ.

ಈಗ ನಿಯಮಗಳ ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಸಾಮಾನ್ಯ ಅಭ್ಯರ್ಥಿ 1ನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು. ತೆಲಂಗಾಣದಲ್ಲಿ ಸ್ಥಳೀಯ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಸತತ 4 ವರ್ಷ ಅಲ್ಲಿ ಓದಿರಬೇಕು. ಸ್ಥಳೀಯರಿಗೆ ಮೀಸಲು ಶೇ 85ರಷ್ಟು ಸೀಟು. ಯಾದಗಿರಿಯ ತಾಂಡಾವೊಂದರಲ್ಲಿ ಹುಟ್ಟಿ 4ನೇ ತರಗತಿಯವರೆಗೆ ಅಲ್ಲಿಯೇ ಓದಿ, 5ರಿಂದ 8ರವರೆಗೆ ಕೊಂಡಾಪುರದ ಸರ್ಕಾರಿ ಶಾಲೆಯಲ್ಲಿ ಕಲಿತು, 9 ಮತ್ತು 10ಕ್ಕೆ ಅಜ್ಜಿಯ ಮನೆಗೆ ಮರಳಿ, ಮತ್ತೆ ಇಂಟರ್‌ಮೀಡಿಯೆಟ್‌ಗೆ ಹೈದರಾಬಾದಿಗೆ ಬಂದ ಮಗುವನ್ನು ಊಹಿಸಿಕೊಳ್ಳಿ. ಗುಳೆಯ ಕುಟುಂಬಗಳಲ್ಲಿ ಇದೇನು ವಿಚಿತ್ರ ಓದಲ್ಲ. ಕರ್ನಾಟಕದ ಲೆಕ್ಕದಲ್ಲಿ 6 ವರ್ಷ, ಒಂದು ಕಡಿಮೆ. ತೆಲಂಗಾಣದ ಲೆಕ್ಕದಲ್ಲೂ 6 ವರ್ಷ, ಆದರೆ ಕೊನೆಯ 4 ವರ್ಷ ಸತತವಾಗಿ ಅಲ್ಲ. 12 ವರ್ಷ ಒಂದೂ ಬಿಡದೆ ಶಾಲೆಗೆ ಹೋದ ಮಗು ಎರಡೂ ಕಡೆ ಹೊರಗಿನದು! ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಅಲ್ಲಿಯವರಿಗೇ ಮೀಸಲು. ಅಲ್ಲಿ ಹುಟ್ಟಿದ ಈ ಮಗುವೂ ಆ ಪ್ರದೇಶದ್ದೇ. ಆದರೆ ಮೊದಲ ಬಾಗಿಲಲ್ಲೇ 7 ವರ್ಷದ ಷರತ್ತು ನಿಂತಿರುವಾಗ ಒಳಗಿನ ಮೀಸಲಾತಿ ತೆಗೆದುಕೊಂಡು ಏನು ಮಾಡುವುದು? ಬಿ.ಎ., ಬಿ.ಎಸ್ಸಿ.ಯಂಥ ಪದವಿಗಳಿಗೆ ನಮ್ಮಲ್ಲಿ ಈ ಕಟ್ಟು ಇಲ್ಲ ಎಂಬುದು ನಿಜ. ಕಟ್ಟು ಬಿಗಿಯಾಗುವುದು ಎಂಜಿನಿಯರಿಂಗ್, ವೈದ್ಯಕೀಯ, ಕೃಷಿಯಂಥ ಕೋರ್ಸುಗಳಲ್ಲಿ, ಅಂದರೆ ಒಂದೇ ತಲೆಮಾರಿನಲ್ಲಿ ಮನೆಯ ಸ್ಥಿತಿ ಬದಲಿಸಬಲ್ಲ ಓದಿನಲ್ಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ನಿಲ್ಲುವ ಜಾಗವನ್ನೂ ಗಮನಿಸಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದೆಲ್ಲ ಹೇಳುವ ಈ ಕಾಯ್ದೆ 14 ವರ್ಷಕ್ಕೆ, ಸುಮಾರಾಗಿ 8ನೇ ತರಗತಿಗೆ, ಕೈಬಿಡುತ್ತದೆ. ತೆಲಂಗಾಣದ ‘ಸತತ 4 ವರ್ಷ’ ಶುರುವಾಗುವುದು 9ರಿಂದ. ಕಾನೂನಿನ ಆಸರೆ ಮುಗಿಯುವಲ್ಲಿಯೇ ಕಾನೂನಿನ ಲೆಕ್ಕ ಆರಂಭ. ಮನೆಯ ಕಷ್ಟ ಜೋರಾಗುವುದೂ ಆಗಲೇ: ಹುಡುಗ ಅಪ್ಪನ ಜೊತೆ ಕೆಲಸಕ್ಕೆ ನಿಲ್ಲುವ, ಬೆಳೆದ ಹುಡುಗಿಯನ್ನು ಶೆಡ್ಡಿನಲ್ಲಿ ಒಬ್ಬಳೇ ಬಿಡಲು ಅಂಜಿ ಊರಿಗೆ ಕಳಿಸುವ ವಯಸ್ಸು ಅದು. ಭಾಷೆಯ ಹೊರೆ ಬೇರೆ. ಕನ್ನಡ ಮಾಧ್ಯಮದಿಂದ ಹೋದ ಮಗುವಿಗೆ ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ತೆಲಂಗಾಣದ 2018ರ ಕಾಯ್ದೆಯಂತೆ ಶಾಲೆಯಲ್ಲಿ ತೆಲುಗು ಕಲಿಯುವುದೂ ಕಡ್ಡಾಯ. (ಲಿಪಿಗಳು ಅಕ್ಕ-ತಂಗಿಯರಂತಿರುವುದು ಪುಣ್ಯ.)

ನಿಯಮವೆಂದ ಮೇಲೆ ಎಲ್ಲೋ ಗೆರೆ ಎಳೆಯಲೇಬೇಕಲ್ಲ ಎನ್ನಬಹುದು. ಹೌದು, ಆದರೆ ಯಾರಿಗಾಗಿ ಆ ಗೆರೆ ಬಾಗಿದೆ ನೋಡಿ. ಸೈನಿಕರ, ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಕರ್ನಾಟಕದ ನಿಯಮಗಳಲ್ಲಿ ಪ್ರತ್ಯೇಕ ಕಲಂಗಳಿವೆ. ತಂದೆ ಅಥವಾ ತಾಯಿ ರಾಜ್ಯದಲ್ಲಿ 7 ವರ್ಷ ಓದಿದ್ದರೆ ಅದನ್ನು ಆಧರಿಸುವ ಕಲಂ ಕೂಡ ಇದೆ. ಅಪ್ಪ-ಅಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತದ ಮನೆಗೆ ಅದರಿಂದೇನು ಉಪಯೋಗ? ಹೊರನಾಡು ಕನ್ನಡಿಗರಿಗೆಂದು ಭಾಷಾ ಪರೀಕ್ಷೆಯ ದಾರಿಯಿದೆ. ಅದು ಕೇಳುವುದು ಮಾತೃಭಾಷೆಯನ್ನು. ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಗುವನ್ನು ನೆನೆದು ಬರೆದ ಕಲಂ ಅದಲ್ಲ. ತೆಲಂಗಾಣ 2024ರ ಜುಲೈನಲ್ಲಿ ವೈದ್ಯಕೀಯ ಪ್ರವೇಶದ ಸ್ಥಳೀಯತೆಯನ್ನು ಬಿಗಿ ಮಾಡಿತು, 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲೂ ಹೊರಗೆ ಕೆಲಸ ಮಾಡಬೇಕಾಗಿ ಬಂದ ರಾಜ್ಯ ನೌಕರರು, ಅಖಿಲ ಭಾರತ ಸೇವೆಯ ಅಧಿಕಾರಿಗಳು, ಸೈನಿಕರ ಮಕ್ಕಳಿಗೆ ವಿನಾಯಿತಿ ಸಿಕ್ಕಿದೆ. ತಂದೆ-ತಾಯಿಯ ಕೆಲಸದಿಂದಾಗಿ ಊರು ಬಿಟ್ಟ ಮಗುವನ್ನು ಶಿಕ್ಷಿಸಬಾರದು ಎಂಬ ತತ್ವವನ್ನು ಎರಡೂ ರಾಜ್ಯಗಳು ಒಪ್ಪಿವೆ ಎಂದಾಯಿತು. ವರ್ಗಾವಣೆ ಆದೇಶ ಕೈಯಲ್ಲಿದ್ದವರಿಗೆ ಆ ತತ್ವ ಅನ್ವಯಿಸುತ್ತದೆ, ಮೇಸ್ತ್ರಿಯ ಮುಂಗಡ ಪಡೆದು ಬಸ್ಸು ಹತ್ತಿದವರಿಗೆ ಇಲ್ಲ. ನನ್ನ ತಕರಾರು ಇಷ್ಟೇ.

ಜಾತಿ ಪ್ರಮಾಣಪತ್ರ ಇನ್ನೊಂದು ಗಂಟು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆಯೊಂದಿಗೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಅದು ತಂದೆಯ ಉದ್ಯೋಗಕ್ಕಾಗಿ ಆಂಧ್ರದಿಂದ ಮುಂಬೈಗೆ ಹೋದ ಕುಟುಂಬದ ಹುಡುಗನ ವೈದ್ಯಕೀಯ ಸೀಟಿನ ಪ್ರಶ್ನೆಯೇ ಆಗಿತ್ತು. 2018ರಲ್ಲಿ ಸಂವಿಧಾನ ಪೀಠವೂ ಆ ನಿಲುವನ್ನು ಉಳಿಸಿಕೊಂಡಿತು. ಹೀಗಾಗಿ ಯಾದಗಿರಿಯ ಲಂಬಾಣಿ ಹುಡುಗಿ ಕೊಂಡಾಪುರದಲ್ಲಿ ರಾಜ್ಯದ ಕಾಲೇಜಿಗೆ ಅರ್ಜಿ ಹಾಕುವಾಗ ಜಾತಿಯೂ ಅಲ್ಲ, ಪಂಗಡವೂ ಅಲ್ಲ. ತಮಾಷೆಯೆಂದರೆ ಕೊಂಡಾಪುರದಿಂದ ಕೂಗಳತೆಯ ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅವಳು ಕರ್ನಾಟಕದ ಪ್ರಮಾಣಪತ್ರವನ್ನೇ ತೋರಿಸಿ ಸೇರಬಹುದು. ಆ ವಿಶ್ವವಿದ್ಯಾಲಯಕ್ಕೆ ದಾರಿ ಮಾಡಿಕೊಟ್ಟದ್ದೂ, ಸ್ಥಳೀಯತೆಯ 371ಡಿ ವಿಧಿಯನ್ನು ತಂದದ್ದೂ 1973ರ ಒಂದೇ ತಿದ್ದುಪಡಿ, ಸಂವಿಧಾನದ 32ನೆಯದು.

ಸ್ಥಳೀಯತೆಯ ನಿಯಮಗಳನ್ನೇ ಕಿತ್ತುಹಾಕಿ ಎಂದು ಇಲ್ಲಿ ವಾದಿಸುತ್ತಿಲ್ಲ. ತೆಲಂಗಾಣದಲ್ಲಿ 1952ರಲ್ಲಿ, 1969ರಲ್ಲಿ ನಡೆದ ಸ್ಥಳೀಯರ ಚಳವಳಿಗಳ ಹಿಂದಿದ್ದದ್ದು ಹೊರಗಿನ ಬಲಾಢ್ಯರು ಅವಕಾಶ ಕಸಿಯುತ್ತಾರೆಂಬ ಭಯ, ಅದು ಕಲ್ಪಿತವಾಗಿರಲಿಲ್ಲ. 371ಜೆಗಾಗಿ ಹೋರಾಡಿದ ನಾವು ತೆಲಂಗಾಣಕ್ಕೆ ಉದಾರತೆಯ ಪಾಠ ಹೇಳಿದರೆ ನಗೆಪಾಟಲಾಗುತ್ತೇವೆ. ಆದರೆ ಆ ಭಯ ಕಟ್ಟಡ ಕಾರ್ಮಿಕರ ಮಕ್ಕಳ ಕುರಿತದ್ದಲ್ಲ. ಅವರಿಗೆ ಮಾತ್ರ ಹೆಚ್ಚುವರಿ ಸೀಟು ಸೃಷ್ಟಿಸಿದರೆ ಸ್ಥಳೀಯರ ಒಂದು ಸೀಟೂ ಕಡಿಮೆಯಾಗುವುದಿಲ್ಲ. ಸುಳ್ಳು ದಾಖಲೆಯ ಆತಂಕಕ್ಕೂ ಉತ್ತರವಿದೆ. ವರ್ಷದಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕರಿಗೆ ನೋಂದಣಿ ಇದೆ, ಶಾಲೆಗಳ ದಾಖಲಾತಿ ಕೇಂದ್ರದ ದತ್ತಾಂಶದಲ್ಲಿದೆ. ಎರಡನ್ನೂ ತಾಳೆ ನೋಡಬಹುದು. ವೈದ್ಯಕೀಯ ಸೀಟಿನ ಆಸೆಗೆ ಮಗುವನ್ನು ವರ್ಷಗಟ್ಟಲೆ ಸರ್ಕಾರಿ ಶಾಲೆಯಲ್ಲಿ ಓದಿಸುವ ಸಿರಿವಂತ ಸಿಕ್ಕರೆ ಸಿಗಲಿ ಬಿಡಿ, ಶಾಲೆಗಾದರೂ ಒಳ್ಳೆಯದಾದೀತು. ಪಡಿತರ ಚೀಟಿ 2022ರ ಹೊತ್ತಿಗೆ ದೇಶದ ಯಾವ ರಾಜ್ಯದಲ್ಲಾದರೂ ನಡೆಯುವಂತಾಗಿರುವಾಗ ತಾಂತ್ರಿಕ ಅಡಚಣೆಯ ನೆಪವೂ ನಿಲ್ಲುವುದಿಲ್ಲ. ಇನ್ನು ‘ಊರಲ್ಲೇ ಇದ್ದು ಓದಲಿ’ ಎಂಬ ಮಾತು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಯದು, ಶೇ 50.59. 2025ರಲ್ಲಿ ಕಲಬುರಗಿಯದು, ಶೇ 42.43. ಊರಲ್ಲಿ ಇದ್ದು ಓದಿದವರ ಫಲಿತಾಂಶ ಇದು.

ತೆಲಂಗಾಣ ಏನು ಮಾಡಬೇಕೆಂಬುದು ಅಲ್ಲಿಯವರಿಗೆ ಬಿಟ್ಟದ್ದು. ಕರ್ನಾಟಕ ಮಾಡಬಹುದಾದದ್ದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಸೀಟು ಹಂಚಿಕೆಯ 2006ರ ನಿಯಮಗಳಿಗೆ, ನೌಕರರ ಮಕ್ಕಳ ಕಲಮಿನ ಪಕ್ಕದಲ್ಲೇ, ವಲಸೆ ಕಾರ್ಮಿಕರ ಮಕ್ಕಳ ಕಲಂ ಸೇರಿಸಬಹುದು. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿಯ ಮೂಲ ರಾಜ್ಯವೇ ಕೊಡಬೇಕೆಂದು ಕೇಂದ್ರದ ಯೋಜನೆ ಈಗಾಗಲೇ ಹೇಳುತ್ತದೆ. ಹೈದರಾಬಾದಿನಲ್ಲಿ ಓದುವ ನಮ್ಮ ಮಕ್ಕಳಿಗೆ ಅದನ್ನು ತಲುಪಿಸುವುದು ಹೊಸ ಔದಾರ್ಯವಲ್ಲ, ಬಾಕಿ. ಪೋಷಕರು ಇಟ್ಟಿಗೆ ಭಟ್ಟಿಗಳಿಗೆ ಹೋಗುವ ಕಾಲದಲ್ಲಿ ಮಕ್ಕಳನ್ನು ಉಳಿಸಿಕೊಳ್ಳಲು ಒಡಿಶಾ ಬಲಾಂಗೀರ್, ನುವಾಪಾಡಾ ಜಿಲ್ಲೆಗಳಲ್ಲಿ ಋತುಮಾನದ ಹಾಸ್ಟೆಲ್ ನಡೆಸುತ್ತದೆ. ನಮ್ಮಲ್ಲೂ ಅಂಥವು ಬೇಕು, ಮುಖ್ಯವಾಗಿ 9ರಿಂದ 12ರವರೆಗಿನ ಹುಡುಗಿಯರಿಗೆ. ಅದಕ್ಕೆ ಹಣ ಮತ್ತು ಸಮಯ ಹಿಡಿಯುತ್ತದೆ. ಕಲಂ ಸೇರಿಸಲು ಅದೂ ಬೇಡ, ಮುಂದಿನ ಸಿಇಟಿ ಅಧಿಸೂಚನೆಗೆ ಮೊದಲೇ ಆಗಬಹುದಾದ ಕೆಲಸ.