ಬೆಳೆಯೋ ಹುಡುಗ, ಒಂದು ಸೈಜ್ ದೊಡ್ಡದೇ ಇರಲಿ!

ಮೊನ್ನೆ ರಜೆಗೆ ಡೋಣಿಗೆ ಹೋಗಿದ್ದೆ. ಕಪ್ಪತಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಮ್ಮ ಪಾಡಿಗೆ ತಿರುಗ್ತಾ ಇದ್ವು, ಕೆಳಗೆ ಬಯಲಲ್ಲಿ ಹುಡುಗರ ಕ್ರಿಕೆಟ್ಟು. ಈ ಸಲ ಲೆದರ್ ಬಾಲು! ಇಡೀ ಟೀಮಿಗೆ ಒಂದೇ ಹೆಲ್ಮೆಟ್ಟು. ಸ್ಟ್ರೈಕ್ ಬದಲಾದರೆ ಹೆಲ್ಮೆಟ್ಟೂ ಪಿಚ್ ದಾಟಬೇಕು. ಏಳನೇ ಕ್ಲಾಸಿನ ಅಣ್ಣನ ಮಗನಿಗೂ ಅದೇ, ಮೀಸೆ ಬಂದ ಕ್ಯಾಪ್ಟನ್ನಿಗೂ ಅದೇ.

ಒಂದು ಬಾಲು ಎದ್ದು ಬಂತು. ಹುಡುಗ ಬಗ್ಗಿದ, ಹೆಲ್ಮೆಟ್ಟು ಜಾರಿ ಕಣ್ಣು ಮುಚ್ಚಿತು. ಬಾಲು ಬಡಿದ ರಭಸಕ್ಕೆ ಗ್ರಿಲ್ಲೇ ಮೂಗಿಗೆ ಬಡಿದು ರಕ್ತ. ಕಟ್ಟೆ ಮೇಲಿದ್ದ ಹಿರಿಯರೊಬ್ಬರು, "ಹೆಲ್ಮೆಟ್ ಇತ್ತಲ್ಲೋ, ಏನೂ ಆಗಂಗಿಲ್ಲ ಬಿಡ. ನಮ್ಮ ಕಾಲದಾಗ ಇದೆಲ್ಲ ಎಲ್ಲಿತ್ತು?" ಅಂದರು.

ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆ? ಆ ಹೆಲ್ಮೆಟ್ ಕೊಡಿಸಿದ್ದು ನಾನೇ! "ದೊಡ್ಡದು ಕೊಡ್ರಿ, ಎಲ್ಲಾರಿಗೂ ಆಗ್ತದ" ಅಂದಿದ್ದೂ ನಾನೇ. ಸ್ಕೂಲ್ ಬೂಟು ತಂದ ಹಾಗೆ.

ಮೊದಲು 'ನಮ್ಮ ಕಾಲ'ದ ಮಾತು. 1962ರಲ್ಲಿ ಬಾರ್ಬಡೋಸ್‌ನಲ್ಲಿ ನಾರಿ ಕಾಂಟ್ರಾಕ್ಟರ್ ತಲೆಬುರುಡೆ ಒಡೆಯಿತು, ಮತ್ತೆ ಅವರು ಟೆಸ್ಟ್ ಆಡಲಿಲ್ಲ. 1998ರಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತರು. ಓವರಿನಲ್ಲಿ ಉಳಿದದ್ದು ಮೂರೇ ಬಾಲು. ತಲೆಗೆ ಪೆಟ್ಟು ಬಿದ್ದು ಮೂರು ದಿನಕ್ಕೆ ತೀರಿಕೊಂಡರು. ಆ ಕಾಲವೇನೂ ಅಷ್ಟು ಚೆನ್ನಾಗಿರಲಿಲ್ಲ ಸ್ವಾಮಿ.

ಹಾಗಂತ ಹೆಲ್ಮೆಟ್ಟು ತಾಯತವೂ ಅಲ್ಲ. 2014ರಲ್ಲಿ ಫಿಲ್ ಹ್ಯೂಸ್ ಹೆಲ್ಮೆಟ್ ಹಾಕಿಯೇ ಆಡುತ್ತಿದ್ದರು. ಬಾಲು ಬಡಿದದ್ದು ಅದು ಮುಚ್ಚದ ಕತ್ತಿನ ಜಾಗಕ್ಕೆ. ಏನು ಮುಚ್ಚಿದೆ, ಎಷ್ಟು ಗಟ್ಟಿಯಾಗಿ ಕೂತಿದೆ, ಇದೇ ಮುಖ್ಯ. "ಬೈಕಿನದು ಐಎಸ್‌ಐ ಐತಲ್ಲ, ಅದನ್ನೇ ಹಾಕ್ಕೊ" ಅನ್ನೋ ಜಾಣರಿಗೂ ಒಂದು ಮಾತು: ಅದು ರಸ್ತೆಗೆ ಬೀಳೋರಿಗೆ ಮಾಡಿದ್ದು, ಬಾಲಿಗಲ್ಲ.

ನೋಡೋದು ಹೇಗೆ? ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿ ಅಳತೆ ತಗೊಳ್ಳಿ. ಪಟ್ಟಿ ಕಟ್ಟದೆ ಹಾಕಿ ತಲೆ ಅಲ್ಲಾಡಿಸಿ: ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಅಲುಗಬೇಕು, ಹೆಲ್ಮೆಟ್ಟೊಂದೇ ತಿರುಗಬಾರದು. ಗಾಂಧಿ ಟೊಪ್ಪಿಗೆ ಥರ ಹಿಂದಕ್ಕೆ ಸರಿಸಬೇಡಿ, ನೆಟ್ಟಗೆ ಕೂರಲಿ. ಗದ್ದದ ಪಟ್ಟಿಯಡಿ ಒಂದು ಬೆರಳು ಹಿಡಿದರೆ ಸಾಕು. ಗ್ರಿಲ್ಲಿಗೂ ಮೇಲಿನ ಅಂಚಿಗೂ ನಡುವೆ ಬಾಲು ತೂರಬಾರದು. ದೊಡ್ಡವರ ಬಾಲಿನ ಅಗಲ ಸುಮಾರು 7 ಸೆಂಟಿಮೀಟರ್. ಹುಡುಗರದು ಇನ್ನೂ ಸಣ್ಣದು, ಅದರಲ್ಲೇ ಪರೀಕ್ಷೆ ಮಾಡಿ. ಜೋರು ಪೆಟ್ಟು ತಿಂದದ್ದಕ್ಕೆ ನಿವೃತ್ತಿ ಕೊಡಿ. ಸೈಕಲ್ ಹೆಲ್ಮೆಟ್ಟಂತೂ ಒಳಗಿನ ಥರ್ಮಾಕೋಲ್ ಜಜ್ಜಿಕೊಂಡು ತಲೆ ಉಳಿಸುತ್ತೆ, ಒಂದು ಸಲ ಬಿದ್ದರೆ ಅದರ ಕೆಲಸ ಮುಗೀತು.

"ದುಡ್ಡೆಲ್ಲಿ ಐತ್ರಿ?" ಅಂತೀರಾ? ಆಳೆತ್ತರದ ಟ್ರೋಫಿಗಿದೆ, ಮೈಕ್‌ಸೆಟ್ಟಿಗಿದೆ, ಶಾಲು-ಹಾರಕ್ಕಿದೆ. ತಲೆಗೆ ಮಾತ್ರ ಇಲ್ಲ! ಸುನಿಲ್ ಜೋಶಿ ಹುಟ್ಟಿದ ಗದುಗಿನ ಸೀಮೆ ಅಂತ ಎದೆ ತಟ್ಟಿಕೊಳ್ಳೋ ನಾವು ಕಿಟ್ ಬ್ಯಾಗಿಗೆ ಬೇರೆ ಬೇರೆ ಸೈಜಿನ ಮೂರ್ನಾಲ್ಕು ಹೆಲ್ಮೆಟ್ ಹಾಕಲಾರೆವಾ? ಆಗದಿದ್ದರೆ ಟೆನಿಸ್ ಬಾಲಲ್ಲೇ ಆಡಲಿ, ಮರ್ಯಾದೆ ಹೋಗಲ್ಲ.

ಹುಡುಗನ ಮೂಗು ವಾಸಿಯಾಗಿದೆ. ಮುಂದಿನ ಸಲ ನಾನು ಟೇಪು ಹಿಡ್ಕೊಂಡೇ ಊರಿಗೆ ಹೋಗೋನು. ನಿಮ್ಮೂರ ಕಿಟ್ ಬ್ಯಾಗಲ್ಲಿ ಎಷ್ಟು ಹೆಲ್ಮೆಟ್ಟಿವೆ, ಒಮ್ಮೆ ಇಣುಕಿ ನೋಡ್ತೀರಾ?